ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಸ್ಕೂಲು, ಮಕ್ಕಳು, ಇಮೇಲು

ಹೋದ ಸಂಚಿಕೇಲಿ ಮಕ್ಕಳ ಮೊಬೈಲ್ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಸ್ಕೂಲಿನ ವಿಷಯಾನೇ ಜಾಸ್ತಿ ಇತ್ತು, ಅದಕ್ಕೆ ಈ ಸಲ ಬರೀ ಅದನ್ನೇ ತಗೊಂಡಿದೀನಿ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ಮಗಳು 8ನೇ ಕ್ಲಾಸು. ಸ್ಕೂಲಲ್ಲಿ ಎಲ್ಲಾ ಮಕ್ಕಳಿಗೂ ಜಿಮೇಲ್ ಐಡಿ ಮಾಡ್ಸಿ ಅಂದ್ರು, ನನ್ನ ನಂಬರ್ ಕೊಟ್ಟು ಮಾಡ್ಸಿದೆ. ಈಗ ಕ್ಲಾಸ್ ಟೀಚರು ಎಲ್ಲರ ಪಾಸ್‌ವರ್ಡೂ ಒಂದು ನೋಟ್‌ಬುಕ್ಕಲ್ಲಿ ಬರೆಸ್ಕೊಂಡಿದಾರೆ, ಮಕ್ಕಳು ಮರೀತಾರೆ ಅಂತ. ತುಂಬಾ ಒಳ್ಳೇ ಟೀಚರು, ಆದ್ರೂ ಯಾಕೋ ಸರಿ ಅನ್ನಿಸ್ತಿಲ್ಲ. ನಾನೇ ಜಾಸ್ತಿ ಯೋಚನೆ ಮಾಡ್ತಿದೀನಾ?
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ಇಲ್ಲ ಕಣಮ್ಮ, ನಿಮಗೆ ಅನ್ಸಿದ್ದೇ ಸರಿ. ಟೀಚರ್ ಒಳ್ಳೆಯವರಾ ಅಲ್ವಾ ಅನ್ನೋದು ಇಲ್ಲಿ ಪ್ರಶ್ನೇನೇ ಅಲ್ಲ, ಆ ನೋಟ್‌ಬುಕ್ ಸ್ಟಾಫ್ ರೂಮಿನ ಟೇಬಲ್ ಮೇಲೆ ಬಿದ್ದಿರತ್ತೆ, ಯಾರೋ ಒಬ್ಬರು ಒಂದು ಪುಟದ ಫೋಟೋ ಹೊಡ್ಕೊಂಡ್ರೆ ಇಡೀ ಕ್ಲಾಸಿನ ಅಕೌಂಟುಗಳು ಹೋದ ಹಾಗೆ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಪಾಸ್‌ವರ್ಡ್ ಯಾರಿಗೂ ಹೇಳ್ಬಾರ್ದು ಅಂತ ಕಂಪ್ಯೂಟರ್ ಪಿರಿಯಡ್ಡಲ್ಲಿ ಪಾಠ ಮಾಡಿ, ಮುಂದಿನ ಪಿರಿಯಡ್ಡಲ್ಲಿ ಎಲ್ಲರೂ ಬರೆದು ಕೊಡಿ ಅಂದ್ರೆ ಮಗು ಏನು ಕಲಿಯತ್ತೆ ಹೇಳಿ, ದೊಡ್ಡವರು ಗಟ್ಟಿಯಾಗಿ ಕೇಳಿದ್ರೆ ಕೊಟ್ಬಿಡ್ಬೇಕು ಅಂತ ತಾನೇ? ನಾಳೆ ಯಾವನೋ ಫೋನ್ ಮಾಡಿ ಸ್ಕಾಲರ್‌ಶಿಪ್ ಆಫೀಸಿಂದ ಮಾತಾಡ್ತಿದೀನಿ, ಓಟಿಪಿ ಹೇಳು ಪುಟ್ಟಿ ಅಂದ್ರೆ ಅವನಿಗೂ ಹೇಳತ್ತೆ.

ಮರೆತ್ರೆ ಏನು ಗತಿ ಅನ್ನೋದಕ್ಕೆ ದಾರಿ ಆಗಲೇ ಇದೆ. ಅಕೌಂಟಿಗೆ ಕೊಟ್ಟಿರೋ ರಿಕವರಿ ನಂಬರ್ ನಿಮ್ಮದು ಅಂದ್ರೆ ಕೋಡ್ ನಿಮ್ಮ ಫೋನಿಗೇ ಬರತ್ತೆ, ಹೊಸ ಪಾಸ್‌ವರ್ಡ್ ಇಟ್ಕೋಬಹುದು. ಒಂದೇ ಒಂದು ಎಚ್ಚರಿಕೆ, ಆಫರ್ ಬಂತು ಅಂತ ಸಿಮ್ ಬದಲಾಯಿಸ್ತಾ ಇರ್ತೀವಲ್ಲ, ಆಗ ಮಗಳ ಅಕೌಂಟಲ್ಲೂ ನಂಬರ್ ಬದಲಾಯಿಸಿ. ಮತ್ತೆ ಹುಟ್ಟಿದ ವರ್ಷ ನಿಜವಾದ್ದನ್ನೇ ಹಾಕಿದೀರಾ ನೋಡ್ಕೊಳ್ಳಿ, ನಮ್ಮ ದೇಶದಲ್ಲಿ ಸ್ವಂತವಾಗಿ ಗೂಗಲ್ ಅಕೌಂಟ್ ಇಟ್ಕೊಳ್ಳೋಕೆ 13 ವರ್ಷ ಆಗಿರ್ಬೇಕು, ಅದಕ್ಕಿಂತ ಚಿಕ್ಕ ಮಕ್ಕಳಿಗೆ ಗೂಗಲ್‌ನದ್ದೇ ಫ್ಯಾಮಿಲಿ ಲಿಂಕ್ ಅನ್ನೋ ಆ್ಯಪ್ ಮೂಲಕ ಅಪ್ಪ ಅಮ್ಮನ ಅಕೌಂಟಿಗೆ ಸೇರ್ಸಿ ಮಾಡ್ಬೇಕು. ವಯಸ್ಸು ಸುಳ್ಳು ಹಾಕಿದ್ರೆ ಮಕ್ಕಳಿಗೆ ಅಂತ ಇರೋ ರಕ್ಷಣೆಗಳು ಕೆಲಸ ಮಾಡಲ್ಲ.

ಸ್ಕೂಲಿಗೆ ನಿಜವಾಗ್ಲೂ ಹಿಡಿತ ಬೇಕು ಅಂದ್ರೆ ಗೂಗಲ್‌ನವರು ಶಾಲೆಗಳಿಗೆ ಅಂತಾನೇ ವರ್ಕ್‌ಸ್ಪೇಸ್ ಫಾರ್ ಎಜುಕೇಶನ್ ಅಂತ ಫ್ರೀ ಆಗಿ ಕೊಡ್ತಾರೆ, ಅದಕ್ಕೆ ಶಾಲೆಗೆ ತನ್ನದೇ ವೆಬ್ ವಿಳಾಸ ಇರ್ಬೇಕು. ಅದರಲ್ಲಿ ಅಡ್ಮಿನ್ ಆಗಿರೋ ಟೀಚರ್ ಹಳೇ ಪಾಸ್‌ವರ್ಡ್ ಗೊತ್ತಿಲ್ದೇನೇ ರೀಸೆಟ್ ಮಾಡ್ಬಹುದು, ಮಕ್ಕಳ ಮೇಲ್ ಶಾಲೆಯ ಒಳಗಡೆ ಮಾತ್ರ ಓಡಾಡೋ ಹಾಗೂ ಮಾಡ್ಬಹುದು. ಟೀಚರ್ ಹತ್ರ ಇದನ್ನೆಲ್ಲಾ ಹೋಗಿ ಎದುರಿಗೆ ಕೂತು ಹೇಳಿ, ಪೇರೆಂಟ್ಸ್ ಗ್ರೂಪಲ್ಲಿ ಹಾಕ್ಬೇಡಿ.

ಪ್ರಶ್ನೆ: ನಮ್ಮ ಲ್ಯಾಬಲ್ಲಿ ಮಕ್ಕಳು ಲಾಗೌಟ್ ಮಾಡದೇ ಎದ್ದು ಹೋಗ್ತಾರೆ. ಹೋದ ವಾರ 8ನೇ ಕ್ಲಾಸಿನ ಒಬ್ಬ ಹುಡುಗ ತೆರೆದಿದ್ದ ಬೇರೆ ಹುಡುಗನ ಅಕೌಂಟಿಂದ ಗಣಿತ ಟೀಚರಿಗೆ ಕೆಟ್ಟದಾಗಿ ಮೇಲ್ ಕಳಿಸಿದ. ಟೀಚರು ಅತ್ತಿದಾರೆ. ಪ್ರಾರ್ಥನೆ ವೇಳೆ ಎಲ್ಲರ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸ್ಬೇಕು ಅಂತ ಕೆಲವರು, ಪೊಲೀಸ್ ಕಂಪ್ಲೇಂಟ್ ಕೊಡ್ಬೇಕು ಅಂತ ಕೆಲವರು.
(ಕಂಪ್ಯೂಟರ್ ಶಿಕ್ಷಕ, ಶಿರಸಿ ಕಡೆ)

ಉತ್ತರ: ಮೇಷ್ಟ್ರೇ, ಎರಡೂ ಬೇಡ. ಕಾನೂನು ಏನಿದೆ ಅಂತ ಮೊದಲು ಹೇಳ್ತೀನಿ. ಇನ್ನೊಬ್ಬರ ಪಾಸ್‌ವರ್ಡನ್ನ ಮೋಸದಿಂದ ಬಳಸೋದು 2000ದ ಐಟಿ ಕಾಯ್ದೆಯ 66ಸಿ ಸೆಕ್ಷನ್ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಂತ ಇದೆ. ಈ ಹುಡುಗನ ಕೇಸಿಗೆ ಅದು ಹೊಂದತ್ತೋ ಇಲ್ವೋ ವಕೀಲರು ಹೇಳ್ಬೇಕು, ಆದ್ರೆ ಇಂಥದ್ದೊಂದು ಕಾನೂನು ಇದೆ ಅಂತ ಮಕ್ಕಳಿಗೆ ಗೊತ್ತಿರ್ಬೇಕು, ಅದನ್ನ ಕ್ಲಾಸಲ್ಲಿ ಹೇಳಿ. ಹಾಗಂತ 13 ವರ್ಷದ ಹುಡುಗನ ಮೇಲೆ ಅದನ್ನೇ ಬಳಸೋದು ಬೇರೆ ಮಾತು, 18 ದಾಟದವರ ವಿಷಯ ಹೋಗೋದು ಬಾಲ ನ್ಯಾಯ ಮಂಡಳಿಗೆ, ಶಾಲೆ ಒಳಗೆ ಕೂತು ಸರಿ ಮಾಡ್ಬಹುದಾದ್ದನ್ನ ಅಲ್ಲಿವರೆಗೆ ಯಾಕೆ ಒಯ್ಯಬೇಕು? ಪ್ರಾರ್ಥನೇಲಿ ನಿಲ್ಲಿಸೋದಂತೂ ಖಂಡಿತ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯೋದನ್ನ ಮಾತ್ರ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧ ಮಾಡಿದೆ. ಅದೂ ಅಲ್ದೆ ಯಾರದ್ದೋ ಮೊಬೈಲಲ್ಲಿ ಆ ವಿಡಿಯೋ ರೆಕಾರ್ಡ್ ಆಗಿ ಸಂಜೆ ಒಳಗೆ ಊರೆಲ್ಲಾ ಓಡಾಡತ್ತೆ, ಆಮೇಲೆ ಇಂಟರ್ನೆಟ್ಟನ್ನ ಕೆಟ್ಟದಾಗಿ ಬಳಸಿದವರು ಯಾರು?

ಹುಡುಗನ್ನ, ಅವನ ಮನೆಯವರನ್ನ ಕರೆಸಿ, ಬಾಗಿಲು ಹಾಕ್ಕೊಂಡು ಮಾತಾಡಿ. ಟೀಚರಿಗೆ ಎಷ್ಟು ನೋವಾಯ್ತು ಅಂತ ಅವರು ಒಪ್ಪಿದ್ರೆ ಅವರೇ ಹೇಳ್ಲಿ. ಯಾರ ಹೆಸರಲ್ಲಿ ಮೇಲ್ ಹೋಯ್ತೋ ಆ ಹುಡುಗನ್ನ ದಯವಿಟ್ಟು ಮರೀಬೇಡಿ, ಒಂದು ದಿನ ಆದ್ರೂ ಎಲ್ಲರೂ ಅವನೇ ಮಾಡಿದ್ದು ಅಂದ್ಕೊಂಡಿರ್ತಾರಲ್ಲ, ಅವನ ತಪ್ಪಿಲ್ಲ ಅಂತ ಕ್ಲಾಸಿಗೆ ಗೊತ್ತಾಗ್ಬೇಕು.

ಲ್ಯಾಬಿಗೆ ಸುಲಭದ ಉಪಾಯ ಅಂದ್ರೆ ಕ್ರೋಮ್‌ನ ಗೆಸ್ಟ್ ಮೋಡ್, ಅದರ ವಿಂಡೋಗಳನ್ನೆಲ್ಲಾ ಮುಚ್ಚಿದ್ರೆ ಲಾಗಿನ್ ತಾನೇ ಹೋಗತ್ತೆ. ಯಾರಾದ್ರೂ ಮರೆತು ಮನೆಗೆ ಹೋಗಿದ್ರೆ ಮನೆ ಫೋನಿಂದಾನೇ ಗೂಗಲ್ ಅಕೌಂಟಿನ ಸೆಕ್ಯುರಿಟಿ ಭಾಗಕ್ಕೆ ಹೋಗಿ ಎಲ್ಲೆಲ್ಲಿ ಲಾಗಿನ್ ಆಗಿದೆ ಅಂತ ನೋಡಿ ಸೈನ್ ಔಟ್ ಕೊಡ್ಬಹುದು. ಪಿರಿಯಡ್ ಮುಗಿಯೋಕೆ ಸ್ವಲ್ಪ ಮುಂಚೆ ಎಲ್ಲರೂ ಒಟ್ಟಿಗೆ ಲಾಗೌಟ್ ಮಾಡೋ ಅಭ್ಯಾಸ ಮಾಡ್ಸಿ, ಅದಕ್ಕೆ ಟೈಮ್ ಕೊಡದೇ ಬೆಲ್ ಹೊಡೆದ ತಕ್ಷಣ ಏಳಿ ಏಳಿ ಅಂದ್ರೆ ಮಕ್ಕಳು ಏಳ್ತಾರೆ ಅಷ್ಟೇ.

ಪ್ರಶ್ನೆ: ಪ್ರಾಜೆಕ್ಟ್ ಗ್ರೂಪಲ್ಲಿ ಪರಿಚಯ ಆದ ಬೇರೆ ಸ್ಕೂಲಿನ ಹುಡುಗನಿಗೆ ನನ್ನ ಒಂದು ಫೋಟೋ ಕಳಿಸಿದ್ದೆ. ಈಗ ಇನ್ನೂ ಕಳಿಸು, ಇಲ್ಲಾಂದ್ರೆ ನಿಮ್ಮ ಟೀಚರಿಗೆ ಮೇಲ್ ಮಾಡ್ತೀನಿ ಅಂತಿದಾನೆ. ಮನೇಲಿ ಹೇಳಿದ್ರೆ ಓದೇ ಬಿಡಿಸ್ತಾರೆ.
(10ನೇ ಕ್ಲಾಸ್, ಊರು ಬೇಡ)

ಉತ್ತರ: ಮಗಳೇ, ಇದರಲ್ಲಿ ಅಪರಾಧ ಮಾಡ್ತಿರೋನು ಅವನು, ನೀನಲ್ಲ. ಇನ್ನೊಂದು ಫೋಟೋ ಕಳಿಸ್ಬೇಡ, ದುಡ್ಡು ಕೇಳಿದ್ರೂ ಕೊಡ್ಬೇಡ, ಕೊಟ್ಟಷ್ಟೂ ಕೇಳ್ತಾ ಹೋಗ್ತಾರೆ. ಅವನು ಬೆದರಿಸಿರೋ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತಗೊಂಡು, ಅವನ ಐಡಿ ಬರೆದಿಟ್ಕೊಂಡು, ಆಮೇಲೆ ಬ್ಲಾಕ್ ಮಾಡು. ಗಾಬರೀಲಿ ಚಾಟ್ ಎಲ್ಲಾ ಡಿಲೀಟ್ ಮಾಡ್ಬೇಡ, ಅದೇ ನಿನ್ನ ಸಾಕ್ಷಿ.

1098ಕ್ಕೆ ಫೋನ್ ಮಾಡು, ಮಕ್ಕಳ ಸಹಾಯವಾಣಿ ಅದು, ಫ್ರೀ, ರಾತ್ರೀನೂ ಇರತ್ತೆ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಂಗಸರು ಮತ್ತು ಮಕ್ಕಳ ಮೇಲಿನ ಅಪರಾಧಕ್ಕೆ ಬೇರೆ ವಿಭಾಗ ಇದೆ, ಅಲ್ಲಿ ಹೆಸರು ಹೇಳದೇನೂ ದೂರು ಕೊಡ್ಬಹುದು. ಅದು ಖಾಸಗಿ ಥರದ ಫೋಟೋ ಆಗಿದ್ರೆ ಟೇಕ್ ಇಟ್ ಡೌನ್ ಅಂತ ಒಂದು ಸೇವೆ ಇದೆ, ಕಾಣೆಯಾದ ಮತ್ತು ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಕೆಲಸ ಮಾಡೋ ಅಮೆರಿಕದ ಸಂಸ್ಥೆ 2023ರಲ್ಲಿ ಶುರು ಮಾಡಿದ್ದು. ಫೋಟೋ ನಿನ್ನ ಫೋನಲ್ಲೇ ಇರತ್ತೆ, ಅದರ ಗುರುತಿನ ಸಂಕೇತ ಮಾತ್ರ ಹೋಗತ್ತೆ, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಥರದ ಸೇರ್ಕೊಂಡಿರೋ ಕಂಪನಿಗಳು ಅದನ್ನ ಹುಡುಕಿ ತೆಗೀತವೆ.

ಒಬ್ಬ ದೊಡ್ಡವರಿಗೆ ಹೇಳ್ಲೇಬೇಕು. ಅಪ್ಪ ಅಮ್ಮನೇ ಆಗ್ಬೇಕು ಅಂತಿಲ್ಲ, ಚಿಕ್ಕಮ್ಮ, ಅಕ್ಕ, ನಿನಗೆ ನಂಬಿಕೆ ಇರೋ ಟೀಚರು, ಯಾರಾದ್ರೂ ಸರಿ, ಇವತ್ತೇ ಹೇಳು. ಇದನ್ನ ಓದ್ತಿರೋ ಅಪ್ಪ ಅಮ್ಮಂದಿರೇ, ಓದು ಬಿಡಿಸ್ತಾರೆ ಅನ್ನೋ ಒಂದು ಭಯ ಆ ಹುಡುಗನ ಕೈಗೆ ಎಷ್ಟು ಬಲ ಕೊಟ್ಟಿದೆ ನೋಡಿ. ನಿಮ್ಮ ಮಕ್ಕಳಿಗೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿ, ಇಂಥದ್ದು ಏನೇ ಆದ್ರೂ ಮೊದಲು ನಮ್ಮ ಹತ್ರ ಬಾ, ಬೈಯಲ್ಲ ಅಂತ.

ಪ್ರಶ್ನೆ: ಸ್ಕೂಲ್ ಗ್ರೂಪಲ್ಲಿ ಎಲ್ಲಾ ಮಕ್ಕಳ ಹೆಸರು, ಆಧಾರ್ ನಂಬರ್, ಪೋಷಕರ ಫೋನ್ ನಂಬರ್ ಇರೋ ಎಕ್ಸೆಲ್ ಹಾಕಿ ಸರಿ ಇದೆಯಾ ನೋಡಿ ಅಂತಾರೆ. ಕೇಳಿದ್ರೆ ನಿಮಗೊಬ್ಬರಿಗೇ ತೊಂದರೆ ಅಂತಾರೆ.
(ತಂದೆ, ತುಮಕೂರು)

ಉತ್ತರ: ತೊಂದರೆ ಎಲ್ಲರಿಗೂ ಇದೆ, ಕೇಳಿದ್ದು ನೀವೊಬ್ಬರೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರ್ತಿದೆ, ಅದರಲ್ಲಿ 18 ವರ್ಷದ ಒಳಗಿನವರೆಲ್ಲಾ ಮಕ್ಕಳೇ, ಅವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಅನ್ನೋದು ಅದರ ಮುಖ್ಯ ಮಾತು. ಹೆಡ್‌ಮಾಸ್ಟರಿಗೆ ಒಂದು ಪುಟದ ಪತ್ರ ಬರೀರಿ, ನಾಲ್ಕೈದು ಪೋಷಕರ ಸಹಿ ಇರ್ಲಿ, ಜಗಳದ ಧಾಟಿ ಬೇಡ. ಅವರವರ ಮಗುವಿನ ವಿವರ ಅವರವರಿಗೇ ಕಳಿಸಿ ಅಂತ ಕೇಳಿ. ಇಮೇಲಲ್ಲಿ ಎಲ್ಲರಿಗೂ ಒಂದೇ ಸೂಚನೆ ಕಳಿಸೋದಿದ್ರೆ ವಿಳಾಸಗಳನ್ನ ಬಿಸಿಸಿ ಜಾಗದಲ್ಲಿ ಹಾಕಿದ್ರೆ ಒಬ್ಬರದ್ದು ಒಬ್ಬರಿಗೆ ಕಾಣಲ್ಲ. ಆಧಾರ್ ನಕಲು ಕೇಳಿದಾಗ ಕೊನೇ 4 ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಸಾಕಾಗತ್ತಾ ಅಂತ ಕೇಳಿ ನೋಡಿ, ಆಧಾರ್ ವೆಬ್‌ಸೈಟಲ್ಲೇ ಸಿಗತ್ತೆ.

ಪ್ರಶ್ನೆ: ಕ್ಲಾಸ್ ಟ್ರಿಪ್ಪಿಗೆ ಅಂತ ಒಂದು ಮ್ಯೂಸಿಯಂಗೆ ಲ್ಯಾಬಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಮೇಲ್ ಕಳಿಸಿದ್ವಿ. ಏನೂ ಓದೋಕೆ ಆಗ್ತಿಲ್ಲ ಅಂತ ಉತ್ತರ ಬಂತು. ಇಂಗ್ಲಿಷಲ್ಲೇ ಬರೀಬೇಕಾ?
(9ನೇ ಕ್ಲಾಸ್ ಮಕ್ಕಳು, ಕೊಪ್ಪಳ ಜಿಲ್ಲೆ)

ಉತ್ತರ: ಬೇಡ ಮಕ್ಕಳೇ, ಕನ್ನಡದಲ್ಲೇ ಬರೀರಿ! ನೀವು ನುಡಿ ತಂತ್ರಾಂಶದ ಹಳೇ ಫಾಂಟಲ್ಲಿ ಟೈಪ್ ಮಾಡಿ ಮೇಲಿಗೆ ಪೇಸ್ಟ್ ಮಾಡಿರ್ತೀರಿ ಅನ್ಸತ್ತೆ, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ ಥರ ಕಾಣತ್ತೆ. ನುಡಿಯಲ್ಲೇ ಯೂನಿಕೋಡ್ ಅಂತ, ಅಂದ್ರೆ ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲೂ ಓದೋಕಾಗೋ ಥರ ಟೈಪ್ ಮಾಡೋ ಆಯ್ಕೆ ಇದೆ, ಅದನ್ನ ಹಾಕ್ಕೊಂಡು ಟೈಪ್ ಮಾಡಿ, ಇಲ್ಲಾಂದ್ರೆ ಪತ್ರಾನ ಪಿಡಿಎಫ್ ಮಾಡಿ ಲಗತ್ತಿಸಿ. ಸಬ್ಜೆಕ್ಟ್ ಜಾಗ ಖಾಲಿ ಬಿಡ್ಬೇಡಿ, ಎಷ್ಟು ಜನ, ಯಾವ ದಿನ, ಯಾವ ಶಾಲೆ ಅಂತ ಮೊದಲ ಎರಡು ಸಾಲಲ್ಲೇ ಹೇಳಿ, ಕೊನೇಲಿ ಜೊತೆಗೆ ಬರೋ ಟೀಚರ ಹೆಸರು ಹಾಕಿ, ಫೋನ್ ನಂಬರ್ ಶಾಲೇದು ಕೊಡಿ, ನಿಮ್ಮದು ಬೇಡ. ಶಾಲೆಯ ಮೇಲ್ ಐಡಿಯಿಂದಾನೇ ಕಳಿಸಿ, ಟೀಚರ ವಿಳಾಸ ಸಿಸಿ ಜಾಗದಲ್ಲಿ ಹಾಕಿ, ಅವರಿಗೂ ಒಂದು ಪ್ರತಿ ಹೋಗತ್ತೆ.