ಕ್ಲೈಂಟ್ ಕೇಳಿದ್ದು ಜಾಮೀನಲ್ಲ

ಕ್ಲೈಂಟ್ ನಿಮಗೆ ಬರೆದ ಸಾಲಿನಲ್ಲಿರುವ 'ಬೇಲ್ಡ್' ಅಂದರೆ ಏನು ಅಂತ ಕೇಳಿದ್ದೀರಿ. ಬೇಲ್ ಅಂದಕೂಡಲೇ ಕೋರ್ಟು, ಜಾಮೀನು ನೆನಪಾಗಿದ್ದರಿಂದ ನಿಮಗೆ ಗೊಂದಲ ಆಗಿರಬೇಕು. 'ಸಾರಿ, ಐ ಬೇಲ್ಡ್ ಆನ್ ಯು ಯೆಸ್ಟರ್‌ಡೇ' ಅಂದರೆ ನಿನ್ನೆ ಕಾಲ್‌ಗೆ ಬರ್ತೇನೆ ಅಂತ ಒಪ್ಪಿ ಕೊನೇ ಗಳಿಗೆಯಲ್ಲಿ ಕೈಕೊಟ್ಟೆ, ಬೇಜಾರು ಮಾಡ್ಕೋಬೇಡಿ ಅಂತ. ಅಷ್ಟೇ.

ಇನ್ನು ಮುಂದೆ ಇಂಥದ್ದು ಬಂದರೆ, ಮೊದಲು ಬೇಲ್ ಪಕ್ಕದ ಪದ ನೋಡಿ. 'ಆನ್' ಇದ್ದು, ಆಮೇಲೆ ವ್ಯಕ್ತಿಯೋ ಪ್ಲಾನೋ ಬಂದರೆ ಕೈಕೊಟ್ಟದ್ದೇ. ಭಾನುವಾರ ಪಣಂಬೂರು ಬೀಚಿಗೆ ಅಂತ ಎಲ್ಲರೂ ಹೊರಟು, ಒಬ್ಬ ಮಾತ್ರ ಫೋನ್ ಸ್ವಿಚ್ ಆಫ್ ಮಾಡಿ ಮಲಗಿದರೆ, 'ಹಿ ಬೇಲ್ಡ್ ಆನ್ ಅಸ್'. 'ಔಟ್' ಇದ್ದರೆ ಸ್ವಲ್ಪ ಎಚ್ಚರ. 'ಹಿ ಬೇಲ್ಡ್ ಮಿ ಔಟ್' ಅಂದರೆ ಕಷ್ಟದಿಂದ ಪಾರು ಮಾಡಿದ, ಹೆಚ್ಚಾಗಿ ದುಡ್ಡು ಕೊಟ್ಟು. ನಡುವೆ 'ಮಿ' ಇಲ್ಲದೆ ಬರೀ 'ಹಿ ಬೇಲ್ಡ್ ಔಟ್' ಅಂದರೆ ಸಾಮಾನ್ಯವಾಗಿ ಅವನೇ ಜಾರಿಕೊಂಡ! ದೋಣಿಗೆ ನುಗ್ಗಿದ ನೀರನ್ನು ಮೊಗೆದು ಹೊರಗೆ ಚೆಲ್ಲುವುದಕ್ಕೂ ಬೇಲ್ ಔಟ್ ಅಂತಾರೆ, ಆದರೆ ನಿಮ್ಮ ಆಫೀಸಿನ ಮೇಲ್‌ನಲ್ಲಿ ಅದು ಬರಲಿಕ್ಕಿಲ್ಲ.

ಇದು ಸಲುಗೆಯ ಮಾತು. ಮ್ಯಾನೇಜರಿಗೆ ಬರೆಯುವಾಗ 'ಐ ಹ್ಯಾಡ್ ಟು ಕ್ಯಾನ್ಸಲ್' ಸಾಕು. 'ಯು ಬೇಲ್ಡ್ ಆನ್ ಮಿ' ಅಂತ ಕ್ಲೈಂಟಿಗೆ ತಿರುಗಿಸಿ ಬರೆಯಬೇಡಿ, ದೂರಿದ ಹಾಗೆ ಕೇಳಿಸ್ತದೆ. ತಮಾಷೆಗೂ ಬಳಸ್ತಾರೆ, ಆದರೆ ಆ ಕ್ಲೈಂಟ್ ನಿಮಗೆ ಎಷ್ಟು ಆಪ್ತರು ಅಂತ ನಿಮಗೇ ಗೊತ್ತು.

ಈಗ ಸುಮ್ನೆ 'ನೋ ವರೀಸ್, ಕ್ಯಾನ್ ವಿ ರೀಶೆಡ್ಯೂಲ್?' ಅಂತ ಕಳಿಸಿ. ಜೊತೆಗೆ ದಿನ, ಗಂಟೆ ಹಾಕಿ, ಅದು ಭಾರತದ ಸಮಯ ಅಂತಲೂ ಬರೆಯಿರಿ.