ಗೆದ್ದವರ ಹೆಸರು ಪೆನ್ಸಿಲ್‌ನಲ್ಲಿ ಬರೆಯಿರಿ

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ನನ್ನ ಹಳೇ ಲ್ಯಾಪ್ ಪುಸ್ತಕಗಳ, ಅಂದರೆ ರೇಸಿನ ಸುತ್ತು ಬರೆದಿಟ್ಟ ಪುಸ್ತಕಗಳ ಬಗ್ಗೆ ಎರಡು ಸಾಲು ಬರೆದಿದ್ದೆ. ಶಿರಸಿ ಸುತ್ತಮುತ್ತ ಬೈಕಿನ ಡರ್ಟ್ ರೇಸ್ ನಡೆಯುತ್ತಿದ್ದ ದಿನಗಳಲ್ಲಿ ಅಣ್ಣ ಗಾಡಿ ಓಡಿಸುತ್ತಿದ್ದ, ನಾನು ಮೇಜಿನ ಹಿಂದೆ ಕೂತು ಸುತ್ತು ಎಣಿಸುತ್ತಿದ್ದೆ. ಹೈಸ್ಕೂಲಿನಲ್ಲಿ ಗಣಿತ ಹೇಳುವವಳು ಅಂತ ಆ ಕೆಲಸ ನನ್ನ ತಲೆಗೆ ಕಟ್ಟಿದ್ದರು. ಆ ಎರಡು ಸಾಲಿಗೆ ಬಂದಷ್ಟು ಪತ್ರ ಉಪ್ಪಿನಕಾಯಿಗೆ ಬೂಷ್ಟು ಬಂದ ವಿಷಯಕ್ಕೂ ಬಂದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದೇ. ಅಡುಗೆ, ಹಿತ್ತಲಿನ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಟೀಚರ್, ನಮ್ಮೂರ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ನಾನು ಹುಟ್ಟುವ ಮೊದಲು ಐದಾರು ವರ್ಷ ಬೈಕ್ ರೇಸ್ ನಡೆದಿತ್ತಂತೆ. ಬರುವ ಮಳೆಗಾಲಕ್ಕೆ ಅಲ್ಲಿ ಅಡಿಕೆ ಸಸಿ ನೆಡುತ್ತಾರೆ. ಜಾಗವೇ ಹೋದ ಮೇಲೆ ಇತಿಹಾಸ ಉಳಿಸೋದು ಹೇಗೆ?
– ಓದುಗ, ಸಿದ್ದಾಪುರ

ಉತ್ತರ: ಸಸಿ ನೆಡುವವರ ಮೇಲೆ ಸಿಟ್ಟು ಬೇಡ. ರೇಸ್ ಟ್ರ್ಯಾಕ್‌ಗಳ ಹಣೆಬರಹವೇ ಅಷ್ಟು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಅನ್ನುವುದು 1907ರಲ್ಲಿ ಕಾರು ಓಡಿಸಲಿಕ್ಕೆಂದೇ ಕಟ್ಟಿದ ಕಾಂಕ್ರೀಟ್ ಟ್ರ್ಯಾಕ್. 1939ರಲ್ಲಿ ಯುದ್ಧ ಶುರುವಾಯಿತು, ರೇಸ್ ನಿಂತಿತು. ಜಾಗ ವಿಮಾನ ತಯಾರಿಸುವವರ ಪಾಲಾಯಿತು. ಮತ್ತೆ ಅಲ್ಲಿ ರೇಸ್ ನಡೆಯಲೇ ಇಲ್ಲ. ಆದರೂ ಗೋಡೆಯ ಹಾಗೆ ಓರೆಯಾಗಿ ಎದ್ದು ನಿಂತ ಆ ಟ್ರ್ಯಾಕಿನ ಕೆಲವು ತುಂಡು ಉಳಿಸಿಕೊಂಡು, ಅಲ್ಲೇ ಮ್ಯೂಸಿಯಂ ಮಾಡಿದ್ದಾರೆ. ಅಮೆರಿಕದ ಇಂಡಿಯಾನಾಪೊಲಿಸ್ ಸ್ಪೀಡ್‌ವೇ ಕಥೆ ಇನ್ನೂ ಚೆಂದ. 1909ರಲ್ಲಿ ಅದಕ್ಕೆ ಸುಮಾರು 32 ಲಕ್ಷ ಇಟ್ಟಿಗೆ ಹಾಸಿದ್ದರು. ಆಮೇಲೆ ಎಲ್ಲದರ ಮೇಲೂ ಡಾಂಬರು ಬಂತು. ಆದರೆ ಶುರುವಿನ ಗೆರೆಯ ಹತ್ತಿರ ಒಂದು ಗಜ ಅಗಲದ ಇಟ್ಟಿಗೆ ಪಟ್ಟಿಯನ್ನು ಮಾತ್ರ ಮುಚ್ಚದೆ ಬಿಟ್ಟಿದ್ದಾರೆ. ಈಗ ಗೆದ್ದವರು ಮಂಡಿಯೂರಿ ಅದಕ್ಕೆ ಮುತ್ತು ಕೊಡುತ್ತಾರೆ.

ನಿಮಗೂ ಅಷ್ಟೇ ಸಾಕು. ಜಾಗದ ಯಜಮಾನರ ಹತ್ತಿರ ಹೋಗಿ. "ಇಡೀ ಬ್ಯಾಣ ಬೇಡ, ಶುರುವಿನ ಗೆರೆ ಇದ್ದಲ್ಲಿ ಒಂದು ಸಾಲು ಚಿರೇಕಲ್ಲು ಹುಗಿಯಲಿಕ್ಕೆ ಬಿಡಿ" ಅನ್ನಿ. ಎರಡು ಸಸಿಯ ಜಾಗ. ಜಗಲಿಯಲ್ಲಿ ಕೂತು ಚಹಾ ಕುಡಿದು ಕೇಳಿದರೆ ನಮ್ಮ ಕಡೆ ಇಲ್ಲ ಅನ್ನುವವರು ಕಡಿಮೆ.

ಅದಕ್ಕಿಂತ ಅವಸರದ ಕೆಲಸ ಒಂದಿದೆ. ಜೆಸಿಬಿ ಬರುವ ಮುಂಚೆ, ಆಗ ರೇಸ್ ನೋಡಿದ ಮೂರ್ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಟ್ರ್ಯಾಕ್ ಇದ್ದ ದಾರಿಯಲ್ಲೇ ನಡೆಯಿರಿ. ನಡೆದ ದಾರಿಯನ್ನು ಗುರುತು ಮಾಡಿಕೊಳ್ಳುವ ಆ್ಯಪ್ ಮೊಬೈಲಿಗೆ ಬರುತ್ತದೆ, ಅದನ್ನು ಹಾಕಿಕೊಳ್ಳಿ. ಮನೆಯಲ್ಲಿ ಕೂತು "ಅಲ್ಲೆಲ್ಲೋ ಒಂದು ತಿರುವಿತ್ತು" ಅನ್ನುವವರೇ, ಜಾಗದಲ್ಲಿ ನಿಂತಾಗ "ಈ ಮತ್ತಿ ಮರಕ್ಕೆ ಹುಲ್ಲಿನ ಕಟ್ಟು ಕಟ್ಟಿದ್ರು, ಇಲ್ಲೇ ಅವನ ಚೈನ್ ಕಳಚಿದ್ದು" ಅನ್ನುತ್ತಾರೆ.

ಮತ್ತೆ, ಮೊದಲು ಹೋಗಬೇಕಾದದ್ದು ಗೆದ್ದವರ ಮನೆಗಲ್ಲ. ಗೆದ್ದವರಿಗೆ ತಮ್ಮ ಮುಂದಿದ್ದ ಖಾಲಿ ದಾರಿ ಮಾತ್ರ ನೆನಪಿರುತ್ತದೆ. ಮೈಕಿನಲ್ಲಿ ಕೂಗಿದವರು, ಟ್ಯಾಂಕರಿನಿಂದ ನೀರು ಹೊಡೆದು ಧೂಳು ಕೂರಿಸಿದವರು, ಬಾವುಟ ಹಿಡಿದವರು, ಸೋಡಾ ಮಾರಿದವರು, ಇವರನ್ನು ಹುಡುಕಿ. ನಮ್ಮಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾರೆ. ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಹಾಕಿ ಗಾಡಿಗೆ ಎಳೆತ ಜಾಸ್ತಿ ಮಾಡುತ್ತಿದ್ದರು. ಯಾರ ಗಾಡಿಗೆ ಎಷ್ಟು ಹಲ್ಲು ಅಂತ ಈಗಲೂ ಹೇಳುತ್ತಾರೆ. ಮೊಮ್ಮಕ್ಕಳ ಹೆಸರು ಮಾತ್ರ ಅದಲು ಬದಲಾಗುತ್ತದೆ.

"ಆಗ ಹೇಗಿತ್ತು?" ಅಂತ ಕೇಳಬೇಡಿ. "ಭಾರೀ ಚೊಲೋ ಇತ್ತು" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಬಿಚ್ಚಿದ ಹೆಡ್‌ಲೈಟನ್ನು ಎಲ್ಲಿಡ್ತಿದ್ರಿ, ಎಣ್ಣೆ ಯಾವುದು ಹಾಕ್ತಿದ್ರಿ ಅಂತ ಕೇಳಿ. ನನ್ನ ಅಣ್ಣನಿಗಂತೂ ಎಣ್ಣೆ ಅಂದರೆ ಸಾಕು. ಟೂ ಸ್ಟ್ರೋಕ್ ರೇಸ್ ಗಾಡಿಗೆ ಹರಳೆಣ್ಣೆಯಿಂದ ಮಾಡಿದ ಆಯಿಲನ್ನು ಪೆಟ್ರೋಲಿಗೆ ಬೆರೆಸುತ್ತಿದ್ದರು. ಆ ಹೊಗೆಗೆ ಒಂಥರಾ ಸಿಹಿ ವಾಸನೆ. ಸೀರೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುತ್ತಿರಲಿಲ್ಲ.

ಪ್ರಶ್ನೆ: ಶೋಲಾವರಂನಲ್ಲಿ ರೇಸ್ ಗೆದ್ದಿದ್ದೇನೆ ಅಂತ ನಮ್ಮ ಚಿಕ್ಕಪ್ಪ ಹೇಳುತ್ತಿರುತ್ತಾರೆ. ಮನೆಯಲ್ಲಿ ಯಾರೂ ನಂಬುವುದಿಲ್ಲ. ಅಂಥ ಜಾಗ ನಿಜಕ್ಕೂ ಇತ್ತಾ?
– ಓದುಗರು, ಕುಮಟಾ

ಉತ್ತರ: ಇತ್ತು ಮಾರಾಯ್ರೆ! ಮದ್ರಾಸಿನ ಹತ್ತಿರ, ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಅದು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಶುರುವಾದದ್ದು 1953ರಲ್ಲಿ. ಅವರು ದಶಕಗಟ್ಟಲೆ ಅಲ್ಲೇ ಕಾರು, ಬೈಕ್ ರೇಸ್ ನಡೆಸಿದರು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಹೊಸ ಟ್ರ್ಯಾಕ್ ಆಯಿತು, ಶೋಲಾವರಂ ಬರೀ ಹೆಸರಾಗಿ ಉಳಿಯಿತು. ಕೊಯಮತ್ತೂರಿನ ಕರಿವರ್ಧನ್ ಅಲ್ಲಿ ಓಡಿಸಿದವರು. ಮಾರುತಿ 800ರ ಎಂಜಿನ್ ಕೂರಿಸಿ ಫಾರ್ಮುಲಾ ಮಾರುತಿ ಅಂತ ಸಣ್ಣ ರೇಸ್ ಕಾರು ಕಟ್ಟಿದ್ದೂ ಅವರೇ. 1995ರಲ್ಲಿ ಸಣ್ಣ ವಿಮಾನದ ಅಪಘಾತದಲ್ಲಿ ತೀರಿಕೊಂಡರು.

ಚಿಕ್ಕಪ್ಪನ ಜೊತೆ ವಾದ ಬೇಡ. ಅವರ ಟ್ರಂಕು ತೆಗೆಸಿ. ರೇಸ್ ದಿನದ ಕಾರ್ಯಕ್ರಮದ ಪುಸ್ತಿಕೆ, ಸ್ಪರ್ಧಿಯ ಲೈಸೆನ್ಸು, ಫೀ ಕಟ್ಟಿದ ರಸೀದಿ, ಯಾವುದಾದರೂ ಒಂದು ಸಿಕ್ಕೀತು. ಪುಸ್ತಿಕೆ ಸಿಕ್ಕರೆ ಹೆಸರು, ಗಾಡಿ ನಂಬರು ಎರಡೂ ಅಚ್ಚಿನಲ್ಲೇ ಇರುತ್ತವೆ. ವರ್ಷ ಗೊತ್ತಾದರೆ ಮದ್ರಾಸಿನ ಹಳೇ ಪತ್ರಿಕೆ ಹುಡುಕಿಸಬಹುದು. ಹುಡುಕಿದಾಗ ಗೆದ್ದದ್ದು ಸುಳ್ಳು, ಏಳನೆಯವರಾಗಿ ಬಂದದ್ದು ನಿಜ ಅಂತಾದರೆ? ಏಳನೇ ಅಂತಲೇ ಬರೆಯಿರಿ. ಆಗ ಕೊಂಕಣ ರೈಲೂ ಇರಲಿಲ್ಲ. ಕುಮಟಾದಿಂದ ಗಾಡಿ ಸಾಗಿಸಿಕೊಂಡು ಮದ್ರಾಸಿಗೆ ಹೋಗಿ ಏಳನೆಯವರಾಗೋದು ಸಣ್ಣ ಕೆಲಸವಾ?

ಪ್ರಶ್ನೆ: ಅಪ್ಪನ ರೇಸ್ ಫೋಟೋಗಳ ಆಲ್ಬಂಗೆ ಬೂಷ್ಟು ಬಂದಿದೆ. ಕೆಲವು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿವೆ. ಲ್ಯಾಮಿನೇಷನ್ ಮಾಡಿಸಲಾ? ಒಂದು ವಿಡಿಯೋ ಕ್ಯಾಸೆಟ್ ಕೂಡ ಇದೆ.
– ಓದುಗಳು, ಕಾರವಾರ

ಉತ್ತರ: ಲ್ಯಾಮಿನೇಷನ್ ಒಂದು ಬೇಡ, ಕೈಮುಗಿಯುತ್ತೇನೆ. ಒಮ್ಮೆ ಮಾಡಿಸಿದರೆ ಬಿಡಿಸಲಿಕ್ಕೆ ಬರುವುದಿಲ್ಲ. ಅಣ್ಣನ ಮೂರು ಸರ್ಟಿಫಿಕೇಟಿಗೆ ಮಾಡಿಸಿ ನಾನು ಬುದ್ಧಿ ಕಲಿತವಳು. ಒಳಗೊಳಗೇ ಹಳದಿಯಾಗಿ, ಸಹಿಗಳು ಮಾಯವಾಗಿವೆ.

ಅಂಟಿದ ಫೋಟೋ ಕೀಳಬೇಡಿ. ಪ್ಲಾಸ್ಟಿಕ್ ಸಮೇತ ಸ್ಕ್ಯಾನ್ ಮಾಡಿಸಿ. ಬಿಡಿ ಫೋಟೋಗಳಿಗೆ 600 ಡಿಪಿಐ ಅಂತ ಹೇಳಿ. ಇಲ್ಲದಿದ್ದರೆ ಅಂಗಡಿಯವರು ಸಣ್ಣದಾಗಿ ಮಾಡಿ ಕೊಟ್ಟುಬಿಡುತ್ತಾರೆ. ನೆಗೆಟಿವ್ ಇದ್ದರೆ ಅದೇ ಬಂಗಾರ, ಅದು ಮೊದಲು. ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಜೂನ್ ಬಂದರೆ ನಿಮ್ಮಲ್ಲಿ ಗೋಡೆಯೇ ಬೆವರುತ್ತದಲ್ವಾ? ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಕ್ಯಾಸೆಟ್ಟಿನ ಟೇಪಿನ ಮೇಲೆ ಬಿಳಿ ಪುಡಿ ಕಂಡರೆ ಪ್ಲೇಯರಿಗೆ ಹಾಕಲೇಬೇಡಿ, ಮೊದಲು ಶುಚಿ ಮಾಡಿಸಬೇಕು. ಟ್ರೋಫಿಗಳನ್ನು ಕಿಟಕಿಯ ಮೇಲಿಂದ ಇಳಿಸಿ. ಉಪ್ಪುಗಾಳಿ ಕಬ್ಬಿಣಕ್ಕೆ ಏನು ಮಾಡುತ್ತದೆ ಅಂತ ನಿಮ್ಮ ಬೀಚಿನಲ್ಲಿ ನಿಂತ ಚಾಪಲ್ ಯುದ್ಧನೌಕೆಯನ್ನು ಕೇಳಿದರೂ ಹೇಳೀತು.

ಫೋಟೋ ಹಿಂದೆ ಹೆಸರು ಬರೆಯಲು ಮೆತ್ತನೆ ಪೆನ್ಸಿಲ್. ಬಾಲ್‌ಪೆನ್ ಒತ್ತಿ ಬರೆದರೆ ಮುಂದುಗಡೆ ಅಪ್ಪನ ಮುಖದ ಮೇಲೆ ಗೀರು ಏಳುತ್ತದೆ. ನುಣುಪು ಕಾಗದಕ್ಕೆ ಪೆನ್ಸಿಲ್ ಹಿಡಿಯದಿದ್ದರೆ ಚೀಟಿ ಬರೆದು ಜೊತೆಗಿಡಿ. ಪೆನ್ಸಿಲ್ಲಿಗೆ ಇನ್ನೊಂದು ಅನುಕೂಲ ಇದೆ: ತಪ್ಪಿದರೆ ಅಳಿಸಬಹುದು. ತಪ್ಪುತ್ತೇವೆ. ಹೆಲ್ಮೆಟ್ ಹಾಕಿಕೊಂಡವರೆಲ್ಲ ಒಂದೇ ಥರ ಕಾಣುತ್ತಾರೆ.

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಹಳೇ ರೇಸರ್‌ಗಳಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ. ಹೇಗೆ ಮಾಡಿದರೆ ಚೆನ್ನ?
– ಸಂಘದ ಸದಸ್ಯರು, ಶಿರಸಿ

ಉತ್ತರ: ಶಾಲು, ಹಾರ, ಹಣ್ಣಿನ ಬುಟ್ಟಿ ಬಿಟ್ಟು ಮಾಡಿದರೆ ಚೆನ್ನ. ಅಂಥ ಒಂದು ಸಭೆಗೆ ಅಣ್ಣನ ಜೊತೆ ಹೋಗಿದ್ದೆ. ಎರಡು ತಾಸು ವೇದಿಕೆ ಮೇಲೆ ಕೂರಿಸಿದರು. ಅಷ್ಟು ಹೊತ್ತೂ ಬೇರೆಯವರೇ ಮಾತಾಡಿದರು. ಇವನಿಗೆ ಮೈಕ್ ಸಿಕ್ಕಿದ್ದು ಎರಡು ನಿಮಿಷ. ಸ್ಮರಣಿಕೆಯಲ್ಲಿ ಹೆಸರಿನ ಅಕ್ಷರವೂ ತಪ್ಪು.

ನೀವು ಒಂದು ಉದ್ದ ಮೇಜು ಹಾಕಿ. ಊರಲ್ಲಿ ಸಿಕ್ಕ ಫೋಟೋಗಳ ಪ್ರಿಂಟ್ ಹರಡಿ, ಪಕ್ಕದಲ್ಲಿ ಪೆನ್ಸಿಲ್ ಇಡಿ. ಹಳಬರನ್ನು ಸುತ್ತ ಕೂರಿಸಿ ಚಹಾ ಕೊಡಿ. ಅರ್ಧ ತಾಸಿನಲ್ಲಿ ಜಗಳ ಶುರುವಾಗುತ್ತದೆ. "ಅದು ನಾನಲ್ಲ, ಅವನು!" ಅದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬಿದ್ದು ಪೆಟ್ಟಾಗಿ ಆಟ ಬಿಟ್ಟವರನ್ನೂ ಕರೆಯಿರಿ. ಅವರನ್ನು ಯಾರೂ ಕರೆದಿರುವುದಿಲ್ಲ.

ಆ ಕಾಲದ ಗಾಡಿ ಯಾರಲ್ಲಾದರೂ ಇದ್ದರೆ ತರಿಸಿ. ಯಮಹಾ ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ ಮುಚ್ಚಿದ್ದೂ 1996ರಲ್ಲೇ. ತರಿಸುವ ಮೊದಲು ಹೊಸ ಪೇಂಟ್ ಮಾತ್ರ ಹೊಡೆಸಬೇಡಿ. ಅಣ್ಣನ ಗಾಡಿಗೆ ಅವನ ಅರವತ್ತನೇ ವರ್ಷಕ್ಕೆ ಅಂತ ನಾವು ಹೊಡೆಸಿದೆವು. ಥಳಥಳ ಹೊಳೆಯಿತು. ಅವನೇ ಕೈಯಲ್ಲಿ ಬರೆದಿದ್ದ 27 ಅನ್ನುವ ನಂಬರು ಹೋಯಿತು. ಏನೂ ಅನ್ನಲಿಲ್ಲ ಅವನು. ಅಂದಿದ್ದರೆ ವಾಸಿ ಇತ್ತು.

ಪ್ರಶ್ನೆ: ಹಳಬರ ನೆನಪಿಗೆ ದೇವಿಮನೆ ಘಾಟಿಯಲ್ಲಿ ಬೈಕ್ ರೇಸ್ ಇಡಬಹುದಾ?
– ಓದುಗ, ಅಂಕೋಲಾ

ಉತ್ತರ: ಬೇಡ. ಅನುಮತಿ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ. ಕೊಯ್ಲಾದ ಗದ್ದೆಯಲ್ಲಿ ಹಳಬರಿಂದ ನಿಧಾನಕ್ಕೆ ಒಂದು ಸುತ್ತು ಹಾಕಿಸಿ, ಹೆಲ್ಮೆಟ್ ಸಮೇತ.

ಪ್ರಶ್ನೆ: ಸ್ಪೀಡ್‌ವೇ, ರೇಸ್ ಟ್ರ್ಯಾಕ್, ಎರಡೂ ಒಂದೇನಾ?
– ಓದುಗರು, ಹೊನ್ನಾವರ

ಉತ್ತರ: ಅಮೆರಿಕದಲ್ಲಿ ಮೊಟ್ಟೆ ಆಕಾರದ ಟ್ರ್ಯಾಕಿಗೆ ಸ್ಪೀಡ್‌ವೇ ಅನ್ನುವ ರೂಢಿ. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಅದು ಒಂದು ಬೈಕ್ ಆಟದ ಹೆಸರು. ಮಣ್ಣಿನ ಟ್ರ್ಯಾಕು, ನಾಲ್ಕು ಜನ, ನಾಲ್ಕು ಸುತ್ತು. ಗಾಡಿಗೆ ಒಂದೇ ಗೇರು, ಬ್ರೇಕೇ ಇಲ್ಲ! ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಈ ಎರಡೂ ಅಲ್ಲ. ಎಡಕ್ಕೂ ಬಲಕ್ಕೂ ತಿರುವಿರುವ ಮಾಮೂಲು ಸರ್ಕ್ಯೂಟ್. ಆ ಕರಿ ಅಂದರೆ ಮೇಲೆ ಹೇಳಿದ ಕರಿವರ್ಧನ್.

ಪ್ರಶ್ನೆ: ನಮ್ಮೂರ ರೇಸಿನ ಬಗ್ಗೆ ಸಣ್ಣ ಪುಸ್ತಕ ಮಾಡುತ್ತಿದ್ದೇವೆ. ಒಂದು ವರ್ಷದ ಫೈನಲ್ ತಮ್ಮ ಅಪ್ಪನೇ ಗೆದ್ದದ್ದು ಅಂತ ಎರಡು ಮನೆಯವರು ಹೇಳುತ್ತಾರೆ. ಯಾರನ್ನು ನಂಬೋದು?
– ಓದುಗ, ಯಲ್ಲಾಪುರ

ಉತ್ತರ: ಇಂಡಿಯಾನಾಪೊಲಿಸ್‌ನಲ್ಲಿ ಮೊದಲ 500 ಮೈಲಿ ರೇಸ್ ನಡೆದದ್ದು 1911ರಲ್ಲಿ. ಗೆದ್ದದ್ದು ರೇ ಹ್ಯಾರೌನ್ ಅಂತ ದಾಖಲೆ. ಅವರು ಓಡಿಸಿದ ಹಳದಿ ಕಾರು ಅಲ್ಲಿನ ಮ್ಯೂಸಿಯಂನಲ್ಲಿದೆ. ಆದರೆ ರೇಸಿನ ಮಧ್ಯೆ, ಸುತ್ತು ಎಣಿಸುವವರು ಕೂತಲ್ಲಿಯೇ ಅಪಘಾತವಾಗಿ ಎಣಿಕೆ ಗೊಂದಲವಾಯಿತು. ಗೆದ್ದದ್ದು ರಾಲ್ಫ್ ಮಲ್‌ಫೋರ್ಡ್ ಅನ್ನುವವರು ಈಗಲೂ ಇದ್ದಾರೆ. ಅಷ್ಟು ದೊಡ್ಡ ಟ್ರ್ಯಾಕಿನ ಕಥೆಯೇ ಹೀಗಿರುವಾಗ ನಿಮ್ಮೂರಿನದ್ದು ಯಾವ ಲೆಕ್ಕ? ಎರಡೂ ಮನೆಯವರ ಮಾತನ್ನು ಹೇಳಿದ ಹಾಗೇ ಬರೆಯಿರಿ, ಯಾರು ಯಾವಾಗ ಹೇಳಿದ್ದು ಅಂತ ಕೆಳಗೆ ಹಾಕಿ. ನೀವು ತೀರ್ಪು ಕೊಡಬೇಡಿ.

ಲ್ಯಾಪ್ ಬರೆಯೋದು ಹೇಗೆ ಅಂದರೆ, ಒಬ್ಬರು ಹಾದುಹೋದ ಗಾಡಿಯ ನಂಬರು ಕೂಗುತ್ತಾರೆ, ಇನ್ನೊಬ್ಬರು ಸಾಲಾಗಿ ಬರೆಯುತ್ತಾರೆ. ತಲೆ ಎತ್ತಬಾರದು. ಒಂದು ಫೈನಲ್ಲಿನ ಹನ್ನೊಂದನೇ ಸುತ್ತಿನಲ್ಲಿ ಕೂಗುವವರು "ಇಪ್ಪತ್ತೇಳು ಬಿದ್ದ!" ಅಂದರು. ನಾನು ತಲೆ ಎತ್ತಿದೆ. ಕೂಗುವವರೂ ಎದ್ದು ನಿಂತಿದ್ದರು. ಆ ಹೊತ್ತಿಗೆ ಮೇಜಿನ ಮುಂದೆ ಯಾರು ಹೋದರು ಅಂತ ಇಬ್ಬರಿಗೂ ಗೊತ್ತಿಲ್ಲ. ಕೊನೆಗೆ ನನ್ನ ಪುಟದಲ್ಲಿ 31ನೇ ನಂಬರಿನವರಿಗೆ ಒಂದು ಸುತ್ತು ಕಡಿಮೆ ಬಂತು, 8 ಗೆದ್ದಿತು. ತಾನು ಪೂರ್ತಿ ಹದಿನೈದು ಸುತ್ತು ಹಾಕಿದ್ದೆ ಅಂತ 31ರವರು ಆವತ್ತಿನಿಂದ ಹೇಳುತ್ತಲೇ ಬಂದರು.

ಹೋದ ವರ್ಷ ಅವರು ನಮ್ಮನೆಗೆ ಬಂದಿದ್ದರು. ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಹನ್ನೊಂದನೇ ಸಾಲಿನಲ್ಲಿ 27ರ ಜಾಗ ಖಾಲಿ, 31ರ ಜಾಗವೂ ಖಾಲಿ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಆವತ್ತು ಅಣ್ಣಯ್ಯನಿಗೆ ಜಾಸ್ತಿ ಪೆಟ್ಟಾಗಿತ್ತಾ ಅಕ್ಕಾ?" ಅಂದರು.

ಕಾಲರ್ ಬೋನ್ ಮುರಿದಿತ್ತು ಅಂದೆ. ಪುಟದ ಜೆರಾಕ್ಸ್ ತಗೊಂಡು ಹೋದರು.