ಫೋನ್ ನಮ್ಮ ಮಾತು ಕದ್ದು ಕೇಳುತ್ತಾ? ಕೇಳುವುದಾದರೆ ನನಗೆ ಹಿಡಿಸುವ ಹಾಡು ಯಾಕೆ ಹುಡುಕಿ ಕೊಡುವುದಿಲ್ಲ?

ನಿಮ್ಮ ಪ್ರಶ್ನೆಯ ವಿವರ ಓದಿದೆ. ಪುಣೆಯಲ್ಲೇ ಗೆಳೆಯರೊಬ್ಬರ ಮನೆಯಲ್ಲಿ ಕೂತು ಹಾರ್ಮೋನಿಯಂ ಬಗ್ಗೆ ಮಾತಾಡಿದಿರಿ. ರಾತ್ರಿ ನಿಮ್ಮ ಫೋನಿನಲ್ಲಿ ಹಾರ್ಮೋನಿಯಂ ಜಾಹೀರಾತು ಬಂತು. ಅದೇ ಫೋನಿನ ಹಾಡಿನ ಆಪ್ ಮಾತ್ರ ತಿಂಗಳುಗಟ್ಟಲೆ ಅವೇ ಹಾಡುಗಳನ್ನು ತಿರುಗಿಸಿ ಮುರುಗಿಸಿ ಹಾಕುತ್ತಿದೆ. ಇದು ಜಾಣನೋ ದಡ್ಡನೋ ಅಂತ ಕೇಳಿದ್ದೀರಿ.

ನಾನೂ ಪುಣೆಯವನೇ, ಕೋಥ್ರೂಡ್‌ನಲ್ಲಿದ್ದೇನೆ. ಸಣ್ಣಪುಟ್ಟ ಅಂಗಡಿಗಳಿಗೆ, ಕ್ಲಾಸ್‌ಗಳಿಗೆ ಆನ್‌ಲೈನ್ ಜಾಹೀರಾತು ಹಾಕಿಕೊಡುವುದು ಕೆಲಸ. ಊರು ಧಾರವಾಡದ ಕಡೆ, ಹಾಗಾಗಿ ಹಾಡಿನ ಹುಚ್ಚು ಬೇಡವೆಂದರೂ ಬಿಡುವುದಿಲ್ಲ. ನನ್ನ ಪ್ರಕಾರ ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದೇ. ನೀವು ಯಾರು ಅಂತ ಆ ಯಂತ್ರಕ್ಕೆ ಗೊತ್ತಾಗಬೇಕಾಗಿಲ್ಲ, ನೀವು ಯಾರ ಹಾಗೆ ಇದ್ದೀರಿ ಅಂತ ಗೊತ್ತಾದರೆ ಆಯಿತು. ಹಾರ್ಮೋನಿಯಂ ಪೆಟ್ಟಿಗೆ ಮಾರುವುದಕ್ಕೆ ಅಷ್ಟು ಧಾರಾಳ. ಹಾಡು ಹುಡುಕುವುದಕ್ಕೆ ಏನೇನೂ ಸಾಲದು.

ಮೊದಲು ಕದ್ದು ಕೇಳುವ ವಿಷಯ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆಪ್‌ಗಳನ್ನು ಪರೀಕ್ಷೆ ಮಾಡಿದರು. ಗುಟ್ಟಾಗಿ ಮೈಕ್ ಆನ್ ಮಾಡಿ ಮಾತು ಸಾಗಿಸುವ ಆಪ್ ಒಂದೂ ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು. ಕೆಲವು ಆಪ್‌ಗಳು ಬಳಸುವವರ ಸ್ಕ್ರೀನಿನ ಚಿತ್ರವನ್ನೋ ವಿಡಿಯೊವನ್ನೋ ತೆಗೆದು ಹೊರಗಿನ ಕಂಪನಿಗಳಿಗೆ ಕಳಿಸುತ್ತಿದ್ದವು. ನಾವು ಕಿವಿಗೆ ಹೆದರಿಕೊಂಡು ಕೂತಿದ್ದೆವು, ಅವರು ಕಣ್ಣಲ್ಲೇ ಕೆಲಸ ಮುಗಿಸಿದ್ದರು.

ಲೆಕ್ಕ ಹಾಕಿ ನೋಡಿದರೂ ಕದ್ದು ಕೇಳುವುದು ದುಬಾರಿ ಬಾಬತ್ತು. ದನಿಯನ್ನು ಚೆನ್ನಾಗಿ ಹಿಂಡಿ ಸೆಕೆಂಡಿಗೆ 16 ಕಿಲೊಬಿಟ್‌ಗೆ ಇಳಿಸಿದರೂ ದಿನಕ್ಕೆ 170 ಎಂಬಿ ದಾಟುತ್ತದೆ. ಫೋನಿನೊಳಗೇ ಮಾತನ್ನು ಅಕ್ಷರ ಮಾಡಿ ಕಳಿಸಬಹುದಲ್ಲ ಅನ್ನುತ್ತೀರಿ. ಕಳಿಸಬಹುದು, ಆದರೆ ಇಡೀ ದಿನ ಅದನ್ನೇ ಮಾಡಿದರೆ ಬ್ಯಾಟರಿ ಸಂಜೆಯವರೆಗೆ ಬಾಳುವುದಿಲ್ಲ. ಮೇಲಾಗಿ ಐಫೋನ್‌ನಲ್ಲಿ 2020ರಿಂದ, ಆಂಡ್ರಾಯ್ಡ್‌ನಲ್ಲಿ 12ನೇ ಆವೃತ್ತಿಯಿಂದ, ಮೈಕ್ ಆನ್ ಆದರೆ ಮೇಲೆ ಒಂದು ಸಣ್ಣ ಚುಕ್ಕೆ ಕಾಣುತ್ತದೆ.

ಹಾಗಂತ ಕಂಪನಿಗಳೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಕರೆಯದೇ ಇದ್ದಾಗಲೂ ಐಫೋನಿನ ಧ್ವನಿ ಸಹಾಯಕ ಸಿರಿ ಎದ್ದು ಜನರ ಮಾತು ರೆಕಾರ್ಡ್ ಮಾಡಿತು ಅನ್ನುವ ಮೊಕದ್ದಮೆಯಲ್ಲಿ ಆಪಲ್ 9.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಒಪ್ಪಿತು. 2025ರ ಆರಂಭದಲ್ಲಿ ಬಂದ ಸುದ್ದಿ ಇದು. ತಪ್ಪು ಮಾಡಿದ್ದೇವೆ ಅಂತ ಮಾತ್ರ ಒಪ್ಪಲಿಲ್ಲ. ಆದರೆ ಅದು ತಪ್ಪಿ ಎಚ್ಚರವಾಗುವ ಸಹಾಯಕನ ಕಥೆ. ನಿಮ್ಮ ಹಾರ್ಮೋನಿಯಂ ಕಥೆಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ.

ಯೋಚನೆ ಮಾಡಿ. ಹಾರ್ಮೋನಿಯಂ ಕೊಳ್ಳಬೇಕು ಅಂತ ಮಾತು ತೆಗೆದವರು ನಿಮ್ಮ ಗೆಳೆಯರೇ ಆಗಿದ್ದರೆ, ನಿಮ್ಮ ಹತ್ತಿರ ಹೇಳುವ ಮೊದಲೇ ನಾಲ್ಕು ಅಂಗಡಿಯ ವೆಬ್‌ಸೈಟ್ ನೋಡಿರುತ್ತಾರೆ, ಅಲ್ವಾ? ಆ ವೆಬ್‌ಸೈಟ್‌ಗಳಲ್ಲಿ ಜಾಹೀರಾತು ಕಂಪನಿಯ ಪಿಕ್ಸೆಲ್ ಅನ್ನುವ, ಕಣ್ಣಿಗೆ ಕಾಣದ ಸಣ್ಣ ಕೋಡ್ ಕೂತಿರುತ್ತದೆ. ಯಾರು ಬಂದರು, ಯಾವ ಪುಟ ನೋಡಿದರು ಅಂತ ವರದಿ ಒಪ್ಪಿಸುವುದೇ ಅದರ ಕೆಲಸ. ಆಮೇಲೆ ನೀವು ಹೋಗಿ ಅವರ ವೈಫೈ ಹಾಕಿಕೊಂಡಿರಿ. ಹೊರಗಿನಿಂದ ನೋಡಿದರೆ ಇಬ್ಬರ ಐಪಿ ವಿಳಾಸವೂ, ಅಂದರೆ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆಯೂ, ಒಂದೇ. ನೀವು ಅವರ ಫೋನ್‌ಬುಕ್ಕಿನಲ್ಲಿದ್ದೀರಿ, ಅವರು ನಿಮ್ಮದರಲ್ಲಿ. ಇಬ್ಬರೂ ಸಂಗೀತದ ರೀಲ್ಸ್ ನೋಡುವವರು. ಇಷ್ಟಿದ್ದರೆ ನಿಮಗೂ ಒಂದು ಪೆಟ್ಟಿಗೆ ತೋರಿಸಿ ನೋಡೋಣ ಅಂತ ಯಂತ್ರಕ್ಕೆ ಅನ್ನಿಸುವುದು ಸಹಜ. ನೀವು ಕ್ರಿಕೆಟ್ ಬಗ್ಗೆ ಮಾತಾಡಿ ಎದ್ದು ಬಂದಿದ್ದರೂ ಆ ಜಾಹೀರಾತು ಬರುವ ಸಂಭವ ಇತ್ತು. ಬಂದಿದ್ದರೆ ನೀವು ಗಮನಿಸುತ್ತಲೇ ಇರಲಿಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುವುದು ಇದರಲ್ಲಿ ಅರ್ಧ ಪಾಲು.

ಈಗ ನಮ್ಮ ಕಡೆಯಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ಒಂದು ಸಂಗೀತ ಕ್ಲಾಸ್‌ಗೆ ಮಕ್ಕಳು ಬೇಕು ಅಂದುಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಪುಣೆಯ ನಕ್ಷೆ ತೆರೆಯುತ್ತೇನೆ. ಕರ್ವೆ ರಸ್ತೆಯ ಮೇಲೆ ಒಂದು ಪಿನ್ ಚುಚ್ಚುತ್ತೇನೆ. ಸುತ್ತ ಎಷ್ಟು ಕಿಲೋಮೀಟರ್ ಅಂತ ಗೆರೆ ಎಳೆದರೆ ನೀಲಿ ವೃತ್ತ ಬರುತ್ತದೆ. ವಯಸ್ಸು 28ರಿಂದ 45. ಮಕ್ಕಳಿರುವವರು. ಆಸಕ್ತಿಯಲ್ಲಿ ಶಾಸ್ತ್ರೀಯ ಸಂಗೀತ. ಬಲಗಡೆ ಒಂದು ಮುಳ್ಳು ಅಲ್ಲಾಡಿ, ಇಷ್ಟು ಸಾವಿರ ಜನ ಸಿಗಬಹುದು ಅನ್ನುತ್ತದೆ. ನನಗೆ ಒಬ್ಬರ ಹೆಸರೂ ಕಾಣುವುದಿಲ್ಲ, ಕಾಣುವುದು ಬರೀ ಸಂಖ್ಯೆ. ವಿಡಿಯೊವನ್ನು ಅರ್ಧದವರೆಗೆ ನೋಡಿದವರನ್ನು ಮತ್ತೆ ಬೆನ್ನು ಹತ್ತು ಅಂದರೆ ಹತ್ತುತ್ತದೆ. ನಿಮಗೆ ಒಂದೇ ಜಾಹೀರಾತು ವಾರವಿಡೀ ಕಾಟ ಕೊಡುವುದು ಇದರಿಂದಲೇ.

ಇದಕ್ಕಿಂತ ಬಲವಾದ ಅಸ್ತ್ರ ಇನ್ನೊಂದಿದೆ, ಜನರಿಗೆ ಅದು ಗೊತ್ತೇ ಇಲ್ಲ. ಲಕ್ಷ್ಮಿ ರಸ್ತೆಯಲ್ಲಿ ಸೀರೆ ಕೊಂಡಾಗ ಬಿಲ್ ಮಾಡುವ ಹುಡುಗ ತಲೆ ಎತ್ತದೇ "ನಂಬರ್ ಸಾಂಗಾ" (ನಂಬರ್ ಹೇಳಿ) ಅನ್ನುತ್ತಾನೆ. ನಾವು ಗಿಳಿ ಹಾಗೆ ಹತ್ತು ಅಂಕಿ ಒಪ್ಪಿಸುತ್ತೇವೆ. ಆ ಪಟ್ಟಿಯನ್ನು ಫೇಸ್‌ಬುಕ್‌ಗೋ ಗೂಗಲ್‌ಗೋ ಏರಿಸಿದರೆ, ನಂಬರನ್ನು ಸಂಕೇತ ಮಾಡಿ ಅವರ ಖಾತೆಗಳ ಜೊತೆ ಹೊಂದಿಸುತ್ತಾರೆ. ಆಮೇಲೆ "ಇವರ ಹಾಗೇ ಇರುವ ಬೇರೆಯವರನ್ನು ಹುಡುಕು" ಅನ್ನಬಹುದು. ಫೇಸ್‌ಬುಕ್‌ನಲ್ಲಿ ಒಂದೇ ದೇಶದ 100 ಜನರ ಪಟ್ಟಿ ಇದ್ದರೆ ಇದು ಶುರುವಾಗುತ್ತದೆ. ನೂರು ಜನ ಅಂದರೆ ಒಂದು ಸಣ್ಣ ಅಂಗಡಿಯ ಶನಿವಾರದ ವ್ಯಾಪಾರ. ಗಿರಾಕಿಯ ಒಪ್ಪಿಗೆ ಇಲ್ಲದ ಪಟ್ಟಿಯನ್ನು ನಾನು ಮುಟ್ಟುವುದಿಲ್ಲ. ಮುಟ್ಟುವವರಿಗೇನೂ ಬರವಿಲ್ಲ. ಬಿಲ್ ಮಾಡುವುದಕ್ಕೆ ಮೊಬೈಲ್ ನಂಬರ್ ಬೇಕೇ ಬೇಕು ಅಂತ ಹಟ ಹಿಡಿಯಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಸೂಚನೆ ಕೊಟ್ಟಿದೆ. "ನಂಬರ್ ಕೊಡಲ್ಲ" ಅಂದು ನೋಡಿ. ಹುಡುಗ ಒಂದು ಕ್ಷಣ ಗಲಿಬಿಲಿಯಾಗುತ್ತಾನೆ, ಆಮೇಲೆ ಒಂಬತ್ತನ್ನು ಹತ್ತು ಸಲ ಒತ್ತಿ ಬಿಲ್ ಕೊಡುತ್ತಾನೆ.

ಖಾಸಗಿತನದ ಮಾತು ಬಂದಾಗ "ನಮ್ಮಂಥವರ ಹತ್ತಿರ ಮುಚ್ಚಿಡೋಕೆ ಏನಿದೆ" ಅನ್ನುವವರು ಜಾಸ್ತಿ. ನನಗೆ ಆ ಮಾತು ಹಿಡಿಸುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆಗೆ ಹೆಸರು ಬಂದಿದ್ದು ನಮ್ಮವರಿಂದಲೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಇಳಿವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ, 2012ರಲ್ಲಿ ಕೋರ್ಟಿಗೆ ಹೋದವರು. ಅವರ ಹತ್ತಿರವೂ ಮುಚ್ಚಿಡುವಂಥದ್ದು ಏನೂ ಇರಲಿಲ್ಲ ಅಂತಲೇ ನನ್ನ ಅಂದಾಜು.

ಜನರನ್ನು ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2021ರ ಏಪ್ರಿಲ್‌ನಲ್ಲಿ ಆಪಲ್ ಐಫೋನ್‌ನಲ್ಲಿ ಒಂದು ಪ್ರಶ್ನೆ ಕೇಳಲು ಶುರು ಮಾಡಿತು: ಈ ಆಪ್ ನಿಮ್ಮನ್ನು ಹಿಂಬಾಲಿಸಲಿ ತಾನೇ? ಬೇಡ ಅಂದವರು ಎಷ್ಟಿದ್ದರೆಂದರೆ, 2022ರ ವರಮಾನದಲ್ಲಿ ಸುಮಾರು 1,000 ಕೋಟಿ ಡಾಲರ್ ಖೋತಾ ಆಗಬಹುದು ಅಂತ ಫೇಸ್‌ಬುಕ್‌ನವರೇ ಹೇಳಿಕೊಂಡರು. ಆ ವರ್ಷ ನಮ್ಮ ಧಂದೆಯವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು, ನಾನೂ ಸೇರಿ.

ಇನ್ನು ಹಾಡು. ಇದು ನನಗೆ ಹೆಚ್ಚು ಉರಿಯುವ ವಿಷಯ.

ಹಾಡಿನ ಆಪ್ ನಿಮಗೆ ಹಾಡು ಕೊಡುವುದು, ಮದುವೆ ಪಂಕ್ತಿಯಲ್ಲಿ ಬಡಿಸುವವನು ಪಕ್ಕದ ಎಲೆ ನೋಡಿಕೊಂಡು ನಿಮಗೂ ಅದನ್ನೇ ಬಡಿಸಿದ ಹಾಗೆ. ನೀವು ಕೇಳಿದ ಹಾಡನ್ನೇ ಕೇಳಿದವರು ಇನ್ನೇನು ಕೇಳಿದರು ಅಂತ ನೋಡುತ್ತದೆ, ಅದನ್ನು ತಂದು ಹಾಕುತ್ತದೆ. ಸಿನಿಮಾ ಹಾಡಿಗೆ ಇದು ಚೆನ್ನಾಗಿ ಹೊಂದುತ್ತದೆ. ಕೇಳುವವರೇ ಕಡಿಮೆ ಇರುವ ಕಡೆ ನೋಡುವುದಕ್ಕೆ ಎಲೆಗಳೇ ಇರುವುದಿಲ್ಲ. ಮನೆಯ ಅವಾಂತರ ಬೇರೆ. ಬೆಳಗ್ಗೆ ಅತ್ತೆಯವರ ಸುಪ್ರಭಾತ, ಮಧ್ಯಾಹ್ನ ಮಗುವಿನ ಪದ್ಯ, ರಾತ್ರಿ ನಿಮ್ಮ ಮಾರ್ವಾ ರಾಗ. ಎಲ್ಲ ಒಂದೇ ಖಾತೆಯಲ್ಲಿ. ಯಂತ್ರದ ಪಾಲಿಗೆ ಇದು ಒಬ್ಬನೇ ಮನುಷ್ಯ, ಪಾಪ, ತಲೆ ಕೆಟ್ಟವನು.

ಎರಡನೆಯದು ದುಡ್ಡಿನ ಲೆಕ್ಕ. ಸ್ಪಾಟಿಫೈ ಅನ್ನುವ ಹಾಡಿನ ಆಪ್‌ನಲ್ಲಿ ಹಾಡು 30 ಸೆಕೆಂಡ್ ಓಡಿದರೆ ಒಂದು ಸಲ ಕೇಳಿದ ಹಾಗೆ. ಮೂರು ನಿಮಿಷದ ಹಾಡಿಗೂ ಒಂದು, ನಿಧಾನ ಲಯದಲ್ಲಿ ಮುಕ್ಕಾಲು ಗಂಟೆ ಹಾಡುವ ವಿಲಂಬಿತ ಖಯಾಲಿಗೂ ಒಂದು. ನಮ್ಮ ಹಿಂದೂಸ್ತಾನಿ ಗಾಯಕರು 30 ಸೆಕೆಂಡಿನಲ್ಲಿ ಮೊದಲ ಸ್ವರ ಷಡ್ಜ ಬಿಟ್ಟು ಕದಲಿರುವುದೂ ಇಲ್ಲ. ಅದರ ಮೇಲೆ 2020ರಿಂದ ಡಿಸ್ಕವರಿ ಮೋಡ್ ಅಂತ ಒಂದು ಏರ್ಪಾಡಿದೆ: ಕಲಾವಿದರೋ ಕಂಪನಿಯೋ ಕಡಿಮೆ ರಾಯಲ್ಟಿಗೆ ಒಪ್ಪಿದರೆ ಆ ಹಾಡನ್ನು ಹೆಚ್ಚು ಜನರ ಮುಂದೆ ತಳ್ಳುತ್ತಾರೆ. ಜಾಹೀರಾತಿನವನಾಗಿ ನನಗೆ ಇದು ಅರ್ಥವಾಗುತ್ತದೆ. ಆದರೆ ಜಾಹೀರಾತಿನ ಕೆಳಗೆ "ಪ್ರಾಯೋಜಿತ" ಅಂತ ಬರೆಯುತ್ತೇವಲ್ಲ, ಇಲ್ಲಿ ಹಾಡಿನ ಪಕ್ಕ ಅದೂ ಇರುವುದಿಲ್ಲ.

ಮೂರನೆಯದು ಭಾಷೆಯ ಡಬ್ಬಿ. ಭೀಮಸೇನ ಜೋಶಿ ಗದಗ ಕಡೆಯವರು, ಬದುಕಿದ್ದು ಪುಣೆಯಲ್ಲಿ. ಅವರ ಅಭಂಗ ಕೇಳದ ಮರಾಠಿ ಮನೆ ಇಲ್ಲ, ಅವರ ದಾಸರ ಪದ ಕೇಳದ ಕನ್ನಡ ಮನೆ ಇಲ್ಲ. ಆಪ್‌ನಲ್ಲಿ ಅಭಂಗ ಮರಾಠಿ ಡಬ್ಬಿಗೆ, ಪದ ಕನ್ನಡ ಡಬ್ಬಿಗೆ, ಖಯಾಲು ಮೂರನೆಯ ಡಬ್ಬಿಗೆ. ದನಿ ಒಂದೇ ಅನ್ನುವುದು ಕೇಳುವ ಕಿವಿಗೆ ಗೊತ್ತು. ಡಬ್ಬಿಗೆ ಗೊತ್ತಿಲ್ಲ.

ಅದಕ್ಕೇ ನಾನು ಗುರುವಿನ ದಾರಿ ಹಿಡಿದು ಹುಡುಕುತ್ತೇನೆ. ಭೀಮಸೇನರ ಗುರು ಕುಂದಗೋಳದ ಸವಾಯಿ ಗಂಧರ್ವರು. ಅವರ ಹತ್ತಿರ ಇನ್ಯಾರು ಕಲಿತರು? ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್. ಮುಂಬೈಯ ಪಾರ್ಸಿ ಗಾಯಕ ಫಿರೋಜ್ ದಸ್ತೂರ್. ಮೂವರೂ ಹಾಡಿದ ಒಂದೇ ರಾಗ ಹಾಕಿ ಕೇಳಿ. ಒಂದೇ ಗುರುವಿನ ಮನೆಯಿಂದ ಮೂರು ದನಿ ಎಷ್ಟು ಬೇರೆಯಾಗಿ ಹೊರಟಿವೆ ಅಂತ ಗೊತ್ತಾಗುತ್ತದೆ. ದಸ್ತೂರರ ಹೆಸರನ್ನು ನನ್ನ ಆಪ್ ತಾನಾಗಿ ಎಂದೂ ಎತ್ತಿಲ್ಲ. ಇನ್ನೊಂದು ಉಪಾಯ: ಧ್ವನಿಮುದ್ರಿಕೆಯಲ್ಲಿ ತಬಲಾ, ಹಾರ್ಮೋನಿಯಂ ಯಾರದು ಅಂತ ನೋಡಿ, ಅವರು ಇನ್ಯಾರಿಗೆ ಸಾಥ್ ಕೊಟ್ಟಿದ್ದಾರೆ ಅಂತ ಹುಡುಕಿ.

ಫೋನ್ ಪೂರ್ತಿ ಬಿಡಿ ಅಂತ ಹೇಳುವುದಿಲ್ಲ. ಆಂಡ್ರಾಯ್ಡ್ ಆದರೆ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ಐಡಿ (ಜಾಹೀರಾತಿನವರು ನಿಮ್ಮ ಫೋನ್ ಗುರುತು ಹಿಡಿಯುವ ಸಂಖ್ಯೆ) ಅಳಿಸಿ. ಮೈಕ್ ಅಗತ್ಯವಿಲ್ಲದ ಆಪ್‌ಗಳಿಂದ ಅದರ ಅನುಮತಿ ಕಿತ್ತುಹಾಕಿ. ಮಗುವಿನ ಪದ್ಯಕ್ಕೆ ಬೇರೆ ಖಾತೆ ಮಾಡಿ. ಅಷ್ಟು ಸಾಕು. ಸುಮ್ನೆ ಹಾಡು ಕೇಳಬೇಕು ಅನ್ನಿಸಿದರೆ ಆಕಾಶವಾಣಿಯ ರಾಗಂ ಹಾಕಿ. 2016ರ ಜನವರಿ 26ರಂದು ಶುರುವಾದ, ದಿನವಿಡೀ ಶಾಸ್ತ್ರೀಯ ಸಂಗೀತ ಬರುವ ವಾಹಿನಿ ಅದು. ನೀವು ಏನು ಕೇಳಿದ್ದಿರಿ ಅಂತ ನೋಡಿ ಮುಂದಿನದು ಹಾಕುವುದಿಲ್ಲ.

ಡಿಸೆಂಬರ್‌ನಲ್ಲಿ ಪುಣೆಯಲ್ಲೇ ನಡೆಯುವ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೂ ಬನ್ನಿ. ಗುರುವಿನ ನೆನಪಿಗೆ ಭೀಮಸೇನರು 1953ರಲ್ಲಿ ಶುರು ಮಾಡಿದ ಉತ್ಸವ. ಎಲ್ಲಿ ಕೂತರೂ ಹತ್ತಿರದಲ್ಲಿ ಹುಬ್ಬಳ್ಳಿ ಧಾರವಾಡದ ಕಡೆಯವರೊಬ್ಬರು ಇದ್ದೇ ಇರುತ್ತಾರೆ. ಹಾಡು ಮುಗಿದ ಮೇಲೆ "ಈ ರಾಗ ಇನ್ಯಾರದು ಕೇಳಬೇಕ್ರಿ?" ಅನ್ನಿ. ಬರೆದುಕೊಳ್ಳಲು ಪೆನ್ ಇಟ್ಟುಕೊಂಡಿರಿ, ಚಹಾ ಆರಿದರೂ ಅವರ ಪಟ್ಟಿ ಮುಗಿಯುವುದಿಲ್ಲ.